ಅಕ್ಕನ ಕೋಣೆಯ ಗೋಡೆ

ಗೋಡೆ ಉದುರುವುದಕ್ಕೆ ಮೊದಲು ಅರಳುತ್ತದೆ. ಅಕ್ಕನ ಕೋಣೆಯಲ್ಲಿ, ಹಾಸಿಗೆಯ ತಲೆದೆಸೆಗೆ, ನೆಲದಿಂದ ಗೇಣೆತ್ತರದಲ್ಲಿ ಮೊದಲು ಕಂಡದ್ದು ಒಂದು ಬಿಳಿಯ ನವಿರು. ಉಪ್ಪು ಹೂಬಿಟ್ಟಂತೆ, ಊದಿದರೆ ಹಾರುವಷ್ಟು ಹಗುರ. ಆಮೇಲೆ ಬಣ್ಣ ಗುಳ್ಳೆಯೆದ್ದಿತು. ಗುಳ್ಳೆ ಒಡೆದಲ್ಲಿ ಗಾರೆ ಮರಳಾಗಿ ಸುರಿಯತೊಡಗಿತು. ಬೆಳಿಗ್ಗೆ ಕಣ್ಣು ಬಿಟ್ಟೊಡನೆ ಅಕ್ಕ ಮಾಡುತ್ತಿದ್ದ ಕೆಲಸವೆಂದರೆ ದಿಂಬಿನ ಮೇಲಿನ ಮರಳನ್ನು ಕೊಡವುವುದು.

"ಸಮುದ್ರ ನೋಡ್ಬೇಕು ಅಂತ ಆಸೆ ಇತ್ತು. ಅದರ ದಂಡೆನೇ ಮನೆಗೆ ಬಂತು" ಎಂದು ನಗುತ್ತಿದ್ದಳು. ನಗು ಮುಗಿಯುವ ಮೊದಲೇ ಕೆಮ್ಮು ಬರುತ್ತಿತ್ತು.

ವೈದ್ಯರು ಮನೆಗೇ ಬಂದರು. ಅಕ್ಕನ ಎದೆಗೆ ಕೊಳವೆ ಇಡುವುದಕ್ಕೂ ಮುಂಚೆ ಗೋಡೆಗೆ ಅಂಗೈ ಇಟ್ಟು ನೋಡಿದರು. "ಔಷಧಿ ಬರ್ಕೊಡ್ತೀನಿ. ಆದ್ರೆ ಈ ಗೋಡೆ ಬದಲಾಗ್ಬೇಕು, ಇಲ್ಲಾಂದ್ರೆ ಇವರು ಕೋಣೆ ಬದಲಾಯಿಸ್ಬೇಕು. ಎರಡ್ರಲ್ಲಿ ಒಂದು."

ಆ ಬೀದಿಯ ಮನೆಗಳು ಒಂದಕ್ಕೊಂದು ಭುಜ ಕೊಟ್ಟು ಸಾಲಾಗಿ ನಿಂತ ಹಳೆಯ ಮನೆಗಳು. ಸಾಲಿನ ಕೊನೆಯ ಮನೆ ಚಿಕ್ಕವನದು, ಅದಕ್ಕೆ ಒತ್ತಿಕೊಂಡದ್ದು ದೊಡ್ಡವನದು. ಎಪ್ಪತ್ತರ ಆಸುಪಾಸಿನ ಈ ಇಬ್ಬರು ತಮ್ಮಂದಿರನ್ನೂ ಚಿಕ್ಕೋನೆ, ದೊಡ್ಡೋನೆ ಎಂದು ಕರೆಯುವ ಹಕ್ಕು ಅಕ್ಕ ಒಬ್ಬಳಿಗೇ ಉಳಿದಿತ್ತು. ತಾಯಿ ಬೇಗ ಹೋದ ಮೇಲೆ ಹೊಲಿಗೆ ಯಂತ್ರ ತುಳಿದು ಇವರನ್ನು ಸಾಕಿದವಳು ಅವಳು. ದೊಡ್ಡವನು ಪುಸ್ತಕಗಳಿಗೆ ಬೈಂಡು ಹಾಕುತ್ತ ಬದುಕಿದವನು. ಹರಿದದ್ದರ ಮೇಲೆ ಹೊಸ ಕಾಗದ ಅಂಟಿಸಿ, ಅಂಚು ಕಾಣದಂತೆ ಒತ್ತುವುದು ಅವನ ಜೀವಮಾನದ ವಿದ್ಯೆ. ಚಿಕ್ಕವನು ಗಡಿಯಾರ ರಿಪೇರಿಯವನು, ಮದುವೆಯ ಗೊಡವೆಗೆ ಹೋಗದವನು. ಏನು ಕೆಟ್ಟರೂ ಮೊದಲು ಬಿಚ್ಚಿ ನೋಡಬೇಕು ಎನ್ನುವವನು. ಅಕ್ಕ ಹೊಲಿಗೆ ಬಿಟ್ಟ ಮೇಲೆ ದೊಡ್ಡವನ ಮನೆಗೆ ಬಂದು ನೆಲೆಸಿದ್ದಳು. ಮೆಟ್ಟಿಲು ಹತ್ತುವ ಶಕ್ತಿ ಅವಳ ಮೊಣಕಾಲುಗಳಲ್ಲಿ ಇರಲಿಲ್ಲ, ಕೆಳಗೆ ಮಲಗಲು ಯೋಗ್ಯವಾದ ಕೋಣೆ ಅದೊಂದೇ ಇತ್ತು.

ಎರಡು ಮನೆಗಳಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಆ ಗೋಡೆಯ ಆಚೆ ಬದಿಗೆ ಚಿಕ್ಕವನ ಹಿಂದಿನ ಕೋಣೆ. ಅವನದು ಕೊನೆಯ ಮನೆಯಾದ್ದರಿಂದ ಪಕ್ಕದ ಓಣಿಗೆ ತೆರೆದ ದೊಡ್ಡ ಕಿಟಕಿಗಳಿದ್ದವು. ಗಾಳಿ ಅಲ್ಲಿ ಮನೆಯವನಂತೆ ಬಂದು ಹೋಗುತ್ತಿತ್ತು. ಬಹಳ ಹಿಂದೆ ಯಾವುದೋ ಸುಣ್ಣ ಬಳಿಯುವ ಜಗಳದಲ್ಲಿ ಅಣ್ಣತಮ್ಮಂದಿರು ಒಂದು ಒಪ್ಪಂದಕ್ಕೆ ಬಂದಿದ್ದರು: ಗೋಡೆಯ ನಿನ್ನ ಮುಖ ನಿನಗೆ, ನನ್ನ ಮುಖ ನನಗೆ, ಯಾರೂ ಯಾರನ್ನೂ ಕೇಳಬೇಕಾಗಿಲ್ಲ. ಅಂದಿನಿಂದ ಇಬ್ಬರೂ ಆ ಗೋಡೆಯನ್ನು ಎರಡು ಗೋಡೆಗಳೆಂದೇ ನಂಬಿದ್ದರು.

ವೈದ್ಯರು ಹೋದ ಸಂಜೆ ಚಿಕ್ಕವನು ಬಂದ. ಕೋಣೆಯ ಬಾಗಿಲಲ್ಲಿ ನಿಂತು, ಗೋಡೆಯನ್ನು ನೋಡಿ, ಅಕ್ಕನನ್ನು ನೋಡಿ, ಕೊನೆಗೆ ಅಣ್ಣನ ಕಡೆ ತಿರುಗಿದ.

"ಅಕ್ಕ ನನ್ನ ಕಡೆ ಬಂದಿರ್ಲಿ ಅಣ್ಣ. ಗೋಡೆ ಅದೇ, ಆದ್ರೆ ನನ್ನ ಕಡೆ ಒಣಗಿದೆ."

"ಎಷ್ಟು ದಿನ?"

"ಅವಳಿಗೆ ಹಿಡಿಸಿದಷ್ಟು ದಿನ."

ದೊಡ್ಡವನ ಎದೆಯಲ್ಲಿ ಏನೋ ಸಣ್ಣಗೆ ಉದುರಿತು. ಹಿಡಿಸದೆ ಇರುವುದಕ್ಕೆ ಅಲ್ಲೇನಿದೆ? ಬಿಸಿಲಿದೆ, ಗಾಳಿಯಿದೆ, ಚಿಕ್ಕವನಿದ್ದಾನೆ. ಒಮ್ಮೆ ಆ ಹೊಸ್ತಿಲು ದಾಟಿದರೆ ಅಕ್ಕ ತಿರುಗಿ ಬರಲಾರಳು ಎಂಬುದು ಅವನಿಗೆ ಆ ಕ್ಷಣವೇ ಖಚಿತವಾಯಿತು. ಬಾಲ್ಯದಲ್ಲಿ ಅಂಗಡಿಗೆ ಹೋಗುವಾಗ ಅಕ್ಕನ ಸೊಂಟದ ಮೇಲೆ ಕೂರುತ್ತಿದ್ದವನು ಚಿಕ್ಕವನು. ದೊಡ್ಡವನು ಬದಿಯಲ್ಲಿ, ಸೆರಗಿನ ತುದಿ ಹಿಡಿದು ನಡೆಯುತ್ತಿದ್ದವನು. ಸೊಂಟ ಒಂದೇ ಇತ್ತು. ಮುಪ್ಪಿನಲ್ಲಿ ಅವಳು ತನ್ನ ಮನೆಯನ್ನು ಆರಿಸಿಕೊಂಡಾಗ, ಆ ನಡಿಗೆಯ ದಣಿವೆಲ್ಲ ಒಂದೇ ದಿನದಲ್ಲಿ ಇಳಿದಂತಾಗಿತ್ತು.

"ಗೋಡೆ ನನ್ನದು, ನಾನು ಸರಿ ಮಾಡಿಸ್ತೀನಿ" ಎಂದ.

"ಮಾಡಿಸು. ಆದ್ರೆ ಮುಚ್ಬೇಡ, ಬಿಚ್ಚು. ನೀರು ಕುಡಿದ ಗಡಿಯಾರಕ್ಕೆ ಮುಚ್ಚಳ ಹಾಕಿಟ್ರೆ ಒಳಗೊಳಗೇ ಕೊಳೆಯುತ್ತೆ. ಗಾರೆಯೆಲ್ಲ ಕಿತ್ತು, ಇಟ್ಟಿಗೆ ಕಾಣೋ ಹಾಗೆ ಬಿಟ್ಟು, ಒಂದು ಬೇಸಿಗೆ ಪೂರ್ತಿ ಒಣಗ್ಲಿ."

"ಬೇಸಿಗೆ ಪೂರ್ತಿ ಅಕ್ಕ ಎಲ್ಲಿರ್ತಾಳೆ?"

"ಇನ್ನೆಲ್ಲಿ, ನನ್ನ ಮನೇಲಿ."

ದೊಡ್ಡವನು ನಕ್ಕ. ಹಾಲಿಗೆ ಕಾವಲು ನಿಲ್ಲುತ್ತೇನೆಂದ ಬೆಕ್ಕನ್ನು ನೋಡಿ ನಗುವ ನಗು ಅದು. ತಮ್ಮನ ಸಲಹೆ ಸರಿಯಿರಬಹುದೆಂಬ ಯೋಚನೆ ಹತ್ತಿರ ಬಂತು. ಬಂದಷ್ಟೇ ಬೇಗ ಅದನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡ.

ಮರುದಿನ ಗಾರೆ ಕೆಲಸದವನು ಬಂದ. ಬೆರಳ ಗೆಣ್ಣಿನಿಂದ ಗೋಡೆಯನ್ನು ಅಲ್ಲಲ್ಲಿ ಕುಟ್ಟಿ, ಬಂದ ಶಬ್ದಕ್ಕೆ ತಲೆಯಾಡಿಸಿದ.

"ಒಳಗೆ ಟೊಳ್ಳು ಯಜಮಾನ್ರೆ. ಹಲ್ಲು ಅಲ್ಲಾಡ್ತಿದೆ, ಒಸಡು ಮಾತ್ರ ಹಿಡ್ಕೊಂಡಿದೆ."

"ಏನು ಮಾಡೋಣ?"

"ನೀವು ಹೇಳಿದ ಹಾಗೆ."

"ಹಳೇ ಸುಣ್ಣದ ಗಾರೆ ಕಿತ್ತು, ಸಿಮೆಂಟ್ ಹಾಕಿ, ಮೇಲೆ ನೀರು ತಡೆಯೋ ಬಣ್ಣ ಬಳಿದ್ರೆ?"

"ಕಲ್ಲಿನ ಹಾಗೆ ನಿಲ್ಲುತ್ತೆ. ಆನೆ ಬಂದು ಬೆನ್ನುಜ್ಜಿದ್ರೂ ಉದುರಲ್ಲ." ಗಾರೆಯವನಿಗೆ ಯಾವುದಾದರೂ ಸರಿಯೇ, ಬೇಗ ಮುಗಿಯುವುದು ಇನ್ನೂ ಸರಿ.

ದೊಡ್ಡವನ ಹೆಂಡತಿ ಅಡುಗೆಮನೆಯಿಂದಲೇ ಕೇಳಿಸಿಕೊಂಡಳು. "ರೀ, ಹಳೇ ಸೀರೆಗೆ ತಗಡಿನ ತೇಪೆ ಹಾಕ್ತೀರಾ? ನಿಮ್ಮ ತಮ್ಮ ಹೇಳಿದ್ದೂ ಒಂದು ಮಾತಲ್ವಾ?"

"ಅವನು ಗಡಿಯಾರದವನು. ಗೋಡೆ ವಿಷಯ ಅವನಿಗೇನು ಗೊತ್ತು?"

"ನೀವು ಪುಸ್ತಕದವರು. ನಿಮಗೇನು ಗೊತ್ತು?"

ಈ ಪ್ರಶ್ನೆಗೆ ಗಾರೆಯವನು ಮುಖ ತಿರುಗಿಸಿ ಕೆಮ್ಮಿದ. ಅದು ಕೆಮ್ಮಲ್ಲವೆಂದು ಎಲ್ಲರಿಗೂ ತಿಳಿಯಿತು.

ಕೆಲಸ ನಡೆಯುವಷ್ಟು ಕಾಲ ಅಕ್ಕ ಧೂಳಿನಲ್ಲಿ ಇರುವಂತಿರಲಿಲ್ಲ. ಬೇರೆ ದಾರಿ ಕಾಣದೆ ದೊಡ್ಡವನು ಅವಳನ್ನು ಪಕ್ಕದ ಮನೆಗೆ ಬಿಟ್ಟು ಬಂದ. ಹೊಸ್ತಿಲಲ್ಲಿ ಚಿಕ್ಕವನು ಅವಳ ಕೈ ಹಿಡಿದುಕೊಂಡ ರೀತಿಯನ್ನು ನೋಡಿ, ಎರವಲು ಕೊಟ್ಟ ಪುಸ್ತಕವನ್ನು ಎರವಲು ಪಡೆದವನು ತನ್ನ ಕಪಾಟಿನಲ್ಲಿ ಜೋಡಿಸಿಡುವುದನ್ನು ನೋಡಿದಂತಾಯಿತು ಅವನಿಗೆ.

ಗಾರೆಯವನು ಸಂಜೆ ಸಲಕರಣೆ ತೊಳೆದು ಹೋದ ಮೇಲೆ ದೊಡ್ಡವನು ಆ ಕೋಣೆಯಲ್ಲಿ ಒಬ್ಬನೇ ನಿಂತ. ಚರ್ಮ ಸುಲಿದ ಗೋಡೆ. ಕೆಂಪು ಇಟ್ಟಿಗೆಗಳ ಸಾಲುಗಳು, ಅವುಗಳ ನಡುವೆ ತೇವಕ್ಕೆ ಕಪ್ಪಾದ ಸಂದುಗಳು. ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ನೆಲದ ನೀರು ಇಟ್ಟಿಗೆಯಿಂದ ಇಟ್ಟಿಗೆಗೆ ಏರಿ ಬಂದ ಗುರುತು ಸೊಂಟದೆತ್ತರಕ್ಕೆ ಒಂದು ಅಲೆಯಂತೆ ಹರಡಿತ್ತು. ಅವನಿಗೆ ಅದು ಕಾಣಲಿಲ್ಲ. ಅವನಿಗೆ ಕೇಳುತ್ತಿತ್ತು. ಗಾರೆ ಹೋದ ಗೋಡೆ ಶಬ್ದಗಳನ್ನು ಧಾರಾಳವಾಗಿ ಬಿಟ್ಟುಕೊಡುತ್ತಿತ್ತು.

ಅಕ್ಕ ಏನನ್ನೋ ಹೇಳುತ್ತಿದ್ದಳು. ನಡುನಡುವೆ ಚಿಕ್ಕವನ ನಗು. ದೊಡ್ಡವನು ಇಟ್ಟಿಗೆಗೆ ಕಿವಿಯಿಟ್ಟ. ತಾನು ಎಳೆಯನಾಗಿದ್ದಾಗ ಅಂಟಿನ ಡಬ್ಬಿಯನ್ನು ಸಿಹಿಯೆಂದುಕೊಂಡು ನೆಕ್ಕಿ, ತುಟಿ ಅಂಟಿಕೊಂಡು, ಮಾತಿಲ್ಲದೆ ಅತ್ತ ಕಥೆ ಅದು.

"ಅವತ್ತೇ ಗೊತ್ತಾಯ್ತು ನಂಗೆ, ಇವನು ಬೈಂಡಿಂಗೇ ಮಾಡೋನು ಅಂತ" ಎಂದಳು ಅಕ್ಕ. ಆಮೇಲೆ ಬಂದ ಅವಳ ನಗು ಉದ್ದವಾಗಿತ್ತು, ಮೇಲೇರಿತು, ಇಳಿಯಿತು, ತಾನಾಗಿ ಮುಗಿಯಿತು. ಅದರ ತುದಿಯಲ್ಲಿ ಕೆಮ್ಮಿರಲಿಲ್ಲ.

ದೊಡ್ಡವನ ಕೆನ್ನೆಗೆ ಇಟ್ಟಿಗೆಯ ಶೀತ ಹತ್ತಿತು. ಕಥೆ ತನ್ನದು, ಅಂಟು ತಿಂದವನು ತಾನು. ಅದರ ಸುಖವನ್ನು ಮಾತ್ರ ಅಲ್ಲಿ ಬೇರೊಬ್ಬ ಅನುಭವಿಸುತ್ತಿದ್ದಾನೆ. ಅವಳು ಕೆಮ್ಮದೆ ನಕ್ಕದ್ದಕ್ಕೆ ಸಂತೋಷಪಡಬೇಕೆಂದು ಅವನಿಗೆ ತಿಳಿದಿತ್ತು. ಪ್ರಯತ್ನಿಸಿದ. ಆಗಲಿಲ್ಲ. ಸೋತು ಹೆಂಡತಿಯನ್ನು ಕರೆದ.

"ಅಕ್ಕನ ಶಾಲು ಇಲ್ಲೇ ಉಳಿದಿದೆ. ಕೊಟ್ಟು ಬಾ."

"ಆಗ್ಲೇ ಬಿಸಿನೀರಿನ ಚೀಲ ಕೊಟ್ಟು ಬಂದೆ. ಅದಕ್ಕೂ ಮುಂಚೆ ಕನ್ನಡಕದ ಡಬ್ಬಿ. ಇನ್ನೊಂದ್ಸಲ ಹೋದ್ರೆ ಅವರು ನನ್ನನ್ನೂ ಅಲ್ಲೇ ಇಟ್ಕೊಳ್ತಾರೆ. ನೀವೇ ಹೋಗಿ ನೋಡ್ಕೊಂಡು ಬನ್ನಿ, ಕಾಲಿಗೇನಾಗಿದೆ?"

ಅವನು ಹೋಗಲಿಲ್ಲ. ಗಾರೆಯವನನ್ನು ಮಾತ್ರ ಮರುದಿನ ಆತುರಪಡಿಸಿದ. ಮೊದಲ ಪದರ ಪೂರ್ತಿ ಆರುವ ಮುಂಚೆಯೇ ಎರಡನೆಯದು ಬಿತ್ತು. ಅದರ ಮೇಲೆ ಹಾಲಿನ ಕೆನೆಯಂಥ, ಉಗುರು ತಾಕಿದರೆ ಜಾರುವ ಬಣ್ಣ.

ಅಕ್ಕ ಹಿಂದಿರುಗಿ ಬಂದು ಗೋಡೆಯನ್ನು ಸವರಿ ನೋಡಿದಳು. "ಮದುವೆ ಮನೆಗೆ ಹೊರಟ ಹಾಗೆ ಪೌಡರ್ ಹಚ್ಕೊಂಡಿದೆ" ಎಂದಳು. ದೊಡ್ಡವನು ಹಾಸಿಗೆಯನ್ನು ಮೊದಲಿನ ಜಾಗಕ್ಕೇ ಎಳೆದ. ದಿಂಬಿನ ಮೇಲೆ ಮರಳಿಲ್ಲದ ಬೆಳಗುಗಳು ಬಂದವು. ಕೆಮ್ಮು ತಗ್ಗಿತು. ಬೀದಿಯಲ್ಲಿ ಸಿಕ್ಕವರಿಗೆಲ್ಲ ದೊಡ್ಡವನು ಸಿಮೆಂಟಿನ ಗುಣ ವರ್ಣಿಸಿದ. ಚಿಕ್ಕವನು ಎದುರಿಗಿದ್ದರೆ ಸ್ವಲ್ಪ ಹೆಚ್ಚೇ ವರ್ಣಿಸಿದ. ಚಿಕ್ಕವನು ಕೇಳಿ, "ಒಳ್ಳೇದಾಯ್ತು ಬಿಡು ಅಣ್ಣ" ಎನ್ನುತ್ತಿದ್ದ. ಆ ಮಾತಿನಲ್ಲಿ ಹುಳಿ ಹುಡುಕಿ ಸಿಗದೆ ದೊಡ್ಡವನಿಗೆ ಇನ್ನಷ್ಟು ಸಿಟ್ಟು ಬರುತ್ತಿತ್ತು.

ಮಳೆಗಾಲ ಬಂದು ಹೋಯಿತು. ಅದು ಮುಗಿಯುವ ಹೊತ್ತಿಗೆ ಚಿಕ್ಕವನ ಹಿಂದಿನ ಕೋಣೆಯಲ್ಲಿ ಗೋಡೆ ಅರಳಿತು.

ಸುದ್ದಿ ತಂದವಳು ಹೆಂಡತಿ. ದೊಡ್ಡವನು ಚಪ್ಪಲಿ ಮೆಟ್ಟಿ ಆ ಕ್ಷಣವೇ ಹೊರಟ; ಶಾಲು ಕೊಡಲು ನಡೆಯದ ಕಾಲುಗಳು ಇದಕ್ಕೆ ನಡೆದವು. ಅದೇ ಬಿಳಿಯ ನವಿರು, ಅದೇ ಗುಳ್ಳೆ, ಬುಡದಲ್ಲಿ ಅದೇ ಮರಳಿನ ಸಣ್ಣ ದಿಬ್ಬಗಳು. ಆ ಗೋಡೆಯ ಮೇಲೆ ತೂಗುತ್ತಿದ್ದ ಗಿರಾಕಿಗಳ ಗಡಿಯಾರಗಳನ್ನೆಲ್ಲ ಚಿಕ್ಕವನು ಇಳಿಸಿ ಮೇಜಿನ ಮೇಲೆ ಬಟ್ಟೆ ಮುಚ್ಚಿಟ್ಟಿದ್ದ. ಬರಿಯ ಮೊಳೆಗಳು ಉಳಿದಿದ್ದವು. ಅವುಗಳ ಕೆಳಗೆ ತುಕ್ಕು ಕಣ್ಣೀರಿನಂತೆ ಇಳಿದಿತ್ತು.

"ಅಯ್ಯೋ ಪಾಪ" ಎಂದ ದೊಡ್ಡವನು. ನಾಲಿಗೆಯ ಮೇಲೆ ಪಾಪವಿತ್ತು, ಹೊಟ್ಟೆಯಲ್ಲಿ ಸಕ್ಕರೆ. "ಇಷ್ಟು ಗಾಳಿ ಇದ್ದೂ ಹೀಗಾಯ್ತಲ್ಲ."

"ಆಗುತ್ತೆ" ಎಂದ ಚಿಕ್ಕವನು. ಅಣ್ಣನ ಮುಖವನ್ನು ಒಂದು ಗಳಿಗೆ ನೋಡಿದ, ನಿಂತ ಗಡಿಯಾರವನ್ನು ನೋಡುವಂತೆ. ಆಮೇಲೆ ಪೊರಕೆ ತೆಗೆದುಕೊಂಡ.

ಆ ಮಧ್ಯಾಹ್ನ ಅಕ್ಕ ಗೋಡೆ ಹಿಡಿದುಕೊಂಡು ನಿಧಾನವಾಗಿ ಪಕ್ಕದ ಮನೆಗೆ ಹೋದಳು. ಅಲ್ಲಿನ ಗೋಡೆಗೆ ಅಂಗೈ ಇಟ್ಟಳು. ಹಿಂದಿರುಗಿ ಬಂದು ತನ್ನ ಕೋಣೆಯ ಗೋಡೆಗೆ ಅದೇ ಅಂಗೈ ಇಟ್ಟಳು. ದೊಡ್ಡವನು ಬಾಗಿಲಲ್ಲಿ ನಿಂತಿದ್ದ.

"ದೊಡ್ಡೋನೆ, ಇಲ್ಲಿದ್ದ ನೀರು ಎಲ್ಲಿಗೆ ಹೋಯ್ತು ಅಂದ್ಕೊಂಡೆ?"

"ಒಣಗಿತು."

"ಒಣಗ್ಲಿಲ್ಲ ಕಣೋ. ರೆಕ್ಸಿನ್ ಒಳಗೆ ಅಸ್ತರಿ ಬಟ್ಟೆ ಕೊಟ್ಟು ಹೊಲಿದ್ರೆ ಬೆವರು ರೆಕ್ಸಿನ್ ಕಡೆ ದಾಟಲ್ಲ, ಅಸ್ತರಿ ಕಡೆ ಬರುತ್ತೆ. ನಲ್ವತ್ತು ವರ್ಷ ಹೊಲಿದವಳಿಗೆ ಇಷ್ಟು ಗೊತ್ತಾಗಲ್ವಾ? ನಿನ್ನ ಕಡೆ ಬಾಯಿ ಮುಚ್ಚಿದೆ, ಅದು ಅವನ ಕಡೆ ಬಾಯಿ ಬಿಡ್ತು."

"ಗೋಡೆಯ ನನ್ನ ಮುಖಕ್ಕೆ ನಾನು ಏನು ಬೇಕಾದ್ರೂ…"

"ಗೋಡೆಗೆಲ್ಲಿಂದ ಬಂತೋ ಎರಡು ಮುಖ? ಅದು ನಿಮ್ಮಿಬ್ಬರಿಗೆ ಇರೋದು."

ಅಂದಿನಿಂದ ಅವಳು ದಿನವೂ ಪಕ್ಕದ ಮನೆಗೆ ಹೋಗತೊಡಗಿದಳು. ಬೆಳಗಿನ ಕಾಫಿ ಕುಡಿದು ಹೊರಟರೆ ಬಿಸಿಲು ಇಳಿಯುವವರೆಗೂ ಅಲ್ಲೇ. ಗೋಡೆಯ ಬುಡಕ್ಕೆ ಹಳೆಯ ಬಟ್ಟೆ ಹಾಸುತ್ತಿದ್ದಳು, ಮರಳು ಬಳಿಯುತ್ತಿದ್ದಳು, ಗಡಿಯಾರಗಳ ಮೇಲಿನ ಮುಸುಕು ಕೊಡವಿ ಮತ್ತೆ ಹೊದಿಸುತ್ತಿದ್ದಳು. ತಾನು ಸರಿ ಮಾಡಿಸಿದ ಗೋಡೆ ಅವಳನ್ನು ತನ್ನ ಕಡೆಗೆ ಹಿಡಿದಿಡುತ್ತದೆಂದು ದೊಡ್ಡವನು ನಂಬಿದ್ದ. ಈಗ ಮಿರುಗುವ ಆ ಕೋಣೆ ಹಗಲೆಲ್ಲ ಖಾಲಿಯಿರುತ್ತಿತ್ತು. ಚೊಕ್ಕಟವಾಗಿ ಬೈಂಡು ಹಾಕಿ, ಒಳಗೆ ಹಾಳೆಯಿಡಲು ಮರೆತ ಪುಸ್ತಕದಂತೆ.

ಒಂದು ವಾರವೋ ಹತ್ತು ದಿನವೋ ಸಹಿಸಿದ. ಆಮೇಲೆ ಒಂದು ಬೆಳಿಗ್ಗೆ, ಅವಳು ಹೊರಡುವಾಗ ದಾರಿಗೆ ಅಡ್ಡ ನಿಂತ.

"ದಿನಾ ಅಲ್ಲಿ ಏನು ಕೆಲಸ?"

"ಮರಳು ಉದುರ್ತಿದೆ. ಗಡಿಯಾರದೊಳಗೆ ಒಂದು ಕಣ ಹೋದ್ರೆ ಅವನ ಹೊಟ್ಟೆ ಮೇಲೆ ಮಣ್ಣು ಬಿದ್ದ ಹಾಗೆ."

"ಅವನಿಗೆ ಕೈಯಿಲ್ವಾ?"

"ಇದೆ. ಕಣ್ಣು ಮೊದಲಿನ ಹಾಗಿಲ್ಲ." ಅವಳು ಮಾತು ನಿಲ್ಲಿಸಿ ಕೆಮ್ಮಿದಳು. ಹಳೆಯ ಕೆಮ್ಮು, ಆಳದಿಂದ, ತೇವದಿಂದ ಬರುವಂಥದ್ದು. ಬಾಗಿಲ ಚೌಕಟ್ಟು ಹಿಡಿದು ಉಸಿರು ಕೂಡಿಸಿಕೊಳ್ಳುವವರೆಗೆ ದೊಡ್ಡವನು ಅವಳ ಬೆನ್ನು ನೀವಿದ. ಬೆರಳಿಗೆ ಮೂಳೆಗಳು ಸಿಕ್ಕವು.

"ನೋಡು, ಮತ್ತೆ ಶುರುವಾಯ್ತು. ಆ ಧೂಳಿನಲ್ಲಿ ಕೂತ್ಕೋಬೇಡ ಅಕ್ಕ. ಇಲ್ಲಿ ಒಣಗಿರೋ ಕೋಣೆ ಇದೆ, ನಿಂಗೋಸ್ಕರ ಮಾಡಿಸಿದ್ದು. ಉದುರೋ ಗೋಡೆ ಹತ್ರನೇ ಹೋಗಿ ಯಾಕೆ ಕೂರ್ತೀಯ?"

ಅಕ್ಕ ಅವನನ್ನು ಆಶ್ಚರ್ಯದಿಂದ ನೋಡಿದಳು, ಇಷ್ಟು ಸಣ್ಣ ವಿಷಯ ಇವನಿಗೆ ಇದುವರೆಗೆ ಹೊಳೆಯಲಿಲ್ಲವೇ ಎಂಬಂತೆ.

"ನಿನ್ನ ಗೋಡೆ ಉದುರ್ತಿದ್ದಾಗ ನಿನ್ನ ಹತ್ರ ಇರ್ಲಿಲ್ವೇನೋ? ಚಿಕ್ಕೋನು ಮಳೆಗಾಲಕ್ಕೊಂದು ಸಲ ಬಾ ಬಾ ಅಂತ ಕರೀತಾನೇ ಇದ್ದ. ನಾನು ಹೋದ್ನಾ?"

ಅವಳು ಮೆಲ್ಲಗೆ ಅವನನ್ನು ಪಕ್ಕಕ್ಕೆ ಸರಿಸಿ ಹೊರಟುಹೋದಳು.

ದೊಡ್ಡವನು ಅವಳ ಹಾಸಿಗೆಯ ಅಂಚಿನಲ್ಲಿ ಕೂತ. ತಮ್ಮ ವರ್ಷವರ್ಷವೂ ಕರೆಯುತ್ತಿದ್ದ ಎಂಬುದು ಅವನಿಗೆ ತಿಳಿದಿರಲಿಲ್ಲ. ಅದೆಷ್ಟು ಮಳೆಗಾಲ ಅವಳು ಈ ಕೋಣೆಯಲ್ಲಿ ಕೆಮ್ಮುತ್ತ, ಮರಳು ಕೊಡವುತ್ತ, ಗಾಳಿಯಿದ್ದ ಮನೆಯನ್ನು ಬೇಡವೆಂದಿದ್ದಳು! ತನ್ನ ಪಾಲಿಗೆ ಬಂದದ್ದನ್ನು ತಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಇದು ತಿಳಿದ ಮಾತ್ರಕ್ಕೆ ಅಸೂಯೆ ಇಳಿದು ಹೋಗಲಿಲ್ಲ; ಅದು ತೇವದಂತೆ, ಒಂದು ಕಡೆ ತಡೆದರೆ ಇನ್ನೊಂದು ಕಡೆ ದಾರಿ ಹುಡುಕುವಂಥದ್ದು. ಈಗ ಅದು ಹೇಳಿದ್ದು ಇಷ್ಟೇ: ಆ ಮನೆಯಲ್ಲಿ ಅವಳು ಕೆಮ್ಮುವುದು ನಿನ್ನ ಗೋಡೆಯಿಂದ. ಅವಳ ಎದೆಯಲ್ಲಿ ಕೂತಿರುವುದು ಚಿಕ್ಕವನ ಮನೆಯ ಧೂಳಲ್ಲ, ನಿನ್ನ ಹಟ.

ಅವನು ಎದ್ದು ಹೋಗಿ ಸುತ್ತಿಗೆ ಮತ್ತು ಉಳಿ ತಂದ.

ಮೊದಲ ಏಟಿಗೆ ಬಣ್ಣ ಬಿರಿಯಿತಷ್ಟೇ. ಗಾರೆಯವನ ಮಾತು ಸುಳ್ಳಾಗಿರಲಿಲ್ಲ; ಕಲ್ಲಿನ ಹಾಗೆಯೇ ನಿಂತಿತ್ತು. ಹೆಂಡತಿ ಓಡಿ ಬಂದಳು.

"ರೀ, ಏನಿದು? ಇನ್ನೂ ಹೊಸ ಗೋಡೆ!"

"ಹೊಸದೇ. ನೀನು ಆ ಕಿಟಕಿ ತೆಗಿ."

ಅವಳು ಕಿಟಕಿ ತೆಗೆದು, ಸೆರಗನ್ನು ಮೂಗಿಗೆ ಸುತ್ತಿಕೊಂಡು, ಹಾಸಿಗೆಯನ್ನು ಹೊರಗೆಳೆದಳು. ಒಂದು ಹೆಂಚಿನಷ್ಟು ಅಗಲದ ಸಿಮೆಂಟು ಕಳಚಿ ಬಿದ್ದಾಗ ಅದರ ಹಿಂದಿನ ಇಟ್ಟಿಗೆ ಬೆವರಿದ ಹಣೆಯಂತೆ ಹೊಳೆಯುತ್ತಿತ್ತು. ಇಷ್ಟು ಕಾಲ ನೀರು ಅಲ್ಲೇ, ಆ ನುಣುಪಿನ ಬೆನ್ನಿಗೇ, ದಾರಿಗಾಗಿ ನಿಂತಿತ್ತು.

ಸದ್ದಿಗೆ ಚಿಕ್ಕವನು ಬಂದ. ಭೂತಗನ್ನಡಿ ಇನ್ನೂ ಹಣೆಯ ಮೇಲಿತ್ತು. ಅಣ್ಣನನ್ನು, ನೆಲದ ಮೇಲಿನ ಚೂರುಗಳನ್ನು, ತೇವದ ಇಟ್ಟಿಗೆಯನ್ನು ನೋಡಿದ.

"ಅಣ್ಣ, ಏನು ಮಾಡ್ತಿದೀಯ?"

"ಬಿಚ್ತಿದೀನಿ. ನೀನು ಹೇಳಿದ್ದೇ ಸರಿ ಅಂತ ನನ್ನ ಬಾಯಿಂದ ಹೇಳಿಸ್ಬೇಡ."

"ಹೇಳಿಸಲ್ಲ." ಚಿಕ್ಕವನು ಬಗ್ಗಿ ಒಂದು ಚೂರನ್ನು ಎತ್ತಿ ಬುಟ್ಟಿಗೆ ಹಾಕಿದ. "ಅತ್ತಿಗೆ, ಇನ್ನೊಂದು ಉಳಿ ಇದೆಯಾ?"

"ಸ್ಕ್ರೂಡ್ರೈವರ್ ಹಿಡಿಯೋ ಕೈಗೆ ಉಳಿ ಯಾಕೆ?" ಎಂದ ದೊಡ್ಡವನು. "ಬೆರಳು ಜಜ್ಜಿಕೊಂಡ್ರೆ ಅದಕ್ಕೂ ಅಕ್ಕ ಬಂದು ಔಷಧಿ ಹಚ್ತಾಳೆ. ನೀನು ಚೂರು ಎತ್ತು, ಸಾಕು."

ಸೊಂಟದೆತ್ತರದವರೆಗೆ ಕಳಚಿ ಮುಗಿಯುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಇನ್ನು ಇಟ್ಟಿಗೆ ಉಸಿರಾಡಬೇಕು, ಬೇಸಿಗೆ ಪೂರ್ತಿ, ಬಹುಶಃ ಮುಂದಿನದೂ. ಅಲ್ಲಿಯವರೆಗೆ ಈ ಕೋಣೆಯಲ್ಲಿ ಯಾರೂ ಮಲಗುವಂತಿರಲಿಲ್ಲ. ದೊಡ್ಡವನೇ ಹಾಸಿಗೆಯನ್ನು ಸುರುಳಿ ಸುತ್ತಿ ಒಂದು ತುದಿ ಎತ್ತಿದ. ಚಿಕ್ಕವನು ಇನ್ನೊಂದು ತುದಿ ಹಿಡಿದ. ಇಬ್ಬರು ಮುದುಕರು ಬೀದಿಗಿಳಿದು, ಒಂದು ಹೊಸ್ತಿಲಿನಿಂದ ಇನ್ನೊಂದಕ್ಕೆ, ಹೆಜ್ಜೆ ಹೊಂದದೆ ನಡೆದರು.

ಅಕ್ಕ ಒಳಗೆ ಕುರ್ಚಿಯಲ್ಲಿ ಕೂತು ಇವರು ಬರುವುದನ್ನು ನೋಡಿದಳು. "ನನ್ನನ್ನ ಕಳಿಸ್ತಿದೀಯೇನೋ ದೊಡ್ಡೋನೆ?"

"ಗೋಡೆ ಒಣಗೋ ತನಕ."

"ಒಣಗದೇ ಇದ್ರೆ?"

"ಒಣಗುತ್ತೆ. ಈ ಕಡೆದೂ ಒಣಗುತ್ತೆ, ಇನ್ಮೇಲೆ ನೀರಿಗೆ ಬೇರೆ ದಾರಿ ಇದೆ." ಕಿಟಕಿಗಳ ಬಳಿ ಅಂಗೈ ಚಾಚಿ ಗಾಳಿಯನ್ನು ಪರೀಕ್ಷಿಸಿದ. ಅವನು ಹೆದರಿದ್ದಕ್ಕಿಂತಲೂ ಚೆನ್ನಾಗಿತ್ತು ಅದು. ತಂಪಾಗಿ, ಒಣಗಿ, ಬೆರಳುಗಳ ನಡುವೆ ಸಲೀಸಾಗಿ ಹಾಯುತ್ತಿತ್ತು. "ಹಾಸಿಗೆ ಇಲ್ಲಿ ಹಾಕು, ಉದುರೋ ಗೋಡೆಯಿಂದ ದೂರ" ಎಂದ ತಮ್ಮನಿಗೆ. "ಈ ಜಾಗ… ಒಳ್ಳೆ ಜಾಗ." ಅಷ್ಟು ಹೇಳುವುದು ಉಳಿಯ ಕೆಲಸಕ್ಕಿಂತ ಕಷ್ಟವಾಯಿತು.

ಚಿಕ್ಕವನು ಚಹಾ ಮಾಡಿ ತಂದ. ಅಕ್ಕ ಕುಡಿದಳು. ದೊಡ್ಡವನ ಮನೆಯಲ್ಲಿ ಇನ್ನೊಂದು ಚಮಚ ಸಕ್ಕರೆ ಬೇಕೆನ್ನುವವಳು ಇಲ್ಲಿ ಏನೂ ಕೇಳಲಿಲ್ಲ. ದೊಡ್ಡವನು ಅದನ್ನು ಗಮನಿಸಿದ; ಅದು ಚುಚ್ಚಿತು. ಲೋಟ ಖಾಲಿ ಮಾಡಿ ಎದ್ದ.

"ನಾಳೆ ಬಾರೋ" ಎಂದಳು ಅಕ್ಕ.

"ಮನೇಲಿ ಕಸ ಬಿದ್ದಿದೆ. ಗೋಡೆ ನೋಡ್ಕೋಬೇಕು."

"ಗೋಡೆ ಎಲ್ಲಿಗೂ ಓಡಿ ಹೋಗಲ್ಲ. ನಾನು ಹೇಳಿದ್ನಲ್ಲ, ಬಾ."

ಮರುದಿನ ಬೆಳಿಗ್ಗೆ ಚಿಕ್ಕವನು ಅಗುಳಿ ತೆಗೆದಾಗ ಹೊರಗೆ ದೊಡ್ಡವನು ನಿಂತಿದ್ದ. ತಲೆ ಬಾಚಿಕೊಂಡಿದ್ದ. ಕೈಯಲ್ಲಿ ಶಾಲಿರಲಿಲ್ಲ, ಔಷಧಿಯಿರಲಿಲ್ಲ, ಯಾವ ನೆಪವೂ ಇರಲಿಲ್ಲ.

"ಎದ್ದಿದ್ದಾಳಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದ.